ಡೊಫಿನ್ ಪಟ್ಟ: ಪದೇ ಪದೇ ಕೇಳುವ ಪ್ರಶ್ನೆಗಳು

ಡೊಫಿನ್ ಅಂದರೆ ಯಾರು? ಒಂದೇ ಮಾತಲ್ಲಿ ಹೇಳಿ.

ಫ್ರಾನ್ಸ್ ರಾಜನ ಹಿರಿಯ ಮಗ, ಮುಂದೆ ಪಟ್ಟಕ್ಕೆ ಬರಬೇಕಾದವನು. ಅವಸರದಲ್ಲಿರುವವರಿಗೆ ಇಷ್ಟು ಸಾಕು.

ಆದರೆ ಈ ಉತ್ತರ ಸರಿಹೋಗುವುದು 14ನೇ ಶತಮಾನದ ನಡುವಿನಿಂದ ಈಚೆಗೆ ಮಾತ್ರ. ಅದಕ್ಕೂ ಮುಂಚೆ ಡೊಫಿನ್ ಅಂದರೆ ಆಲ್ಪ್ಸ್ ತಪ್ಪಲಿನ ಒಬ್ಬ ಪಾಳೆಯಗಾರ. ಅವನು ಫ್ರಾನ್ಸ್ ರಾಜನ ಕೈಕೆಳಗಿನವನಲ್ಲ. ಅವನ ನೆಲ ಇದ್ದದ್ದು ಪವಿತ್ರ ರೋಮನ್ ಸಾಮ್ರಾಜ್ಯದ ಗಡಿಯೊಳಗೆ, ಅಂದರೆ ಅವನ ಮೇಲಿನ ದೊರೆ ಜರ್ಮನ್ ಚಕ್ರವರ್ತಿ. ಆ ಪಾಳೆಯಗಾರನ ಬಿರುದು ಫ್ರಾನ್ಸಿನ ಅರಮನೆಯ ತೊಟ್ಟಿಲಿಗೆ ಹೇಗೆ ಬಂತು ಅನ್ನುವುದೇ ಈ ಪುಟದ ಕಥೆ. ಬಂದದ್ದು ಯುದ್ಧದಿಂದಲ್ಲ, ಮದುವೆಯಿಂದಲೂ ಅಲ್ಲ. ದುಡ್ಡು ಕೊಟ್ಟು ಕೊಂಡುಕೊಂಡರು.

ಹೆಸರನ್ನು ಹೇಗೆ ಉಚ್ಚರಿಸಬೇಕು?

ಫ್ರೆಂಚರು ಹೆಚ್ಚುಕಮ್ಮಿ "ದೊಫ್ಯಾಂ" ಅನ್ನುತ್ತಾರೆ, ಕೊನೆಯ ಅನುಸ್ವಾರವನ್ನು ಮೂಗಿನಲ್ಲೇ ಮುಗಿಸಿಬಿಡುತ್ತಾರೆ. ಇಲ್ಲಿ ಓದುವುದಕ್ಕೆ ಸುಲಭವಾಗಲಿ ಅಂತ ಡೊಫಿನ್ ಎಂದೇ ಬರೆದಿದ್ದೇವೆ. ಅವನ ಸೀಮೆಯ ಹೆಸರು ಡೊಫಿನೇ. ಅವನ ಹೆಂಡತಿ ಡೊಫೀನ್. ಮೂರೂ ಒಂದೇ ಥರ ಕೇಳಿಸುತ್ತವೆ, ಸ್ವಲ್ಪ ಹುಷಾರಾಗಿ ಓದಿ.

ಆ ಪದಕ್ಕೆ ಡಾಲ್ಫಿನ್ ಅಂತಲೇ ಅರ್ಥವಂತೆ. ನಿಜವಾ?

ನಿಜ. ಫ್ರೆಂಚಿನಲ್ಲಿ ಸಮುದ್ರದ ಡಾಲ್ಫಿನ್ನಿಗೂ ಅದೇ ಪದ. ಆದರೆ ಡಾಲ್ಫಿನ್ನಿನಿಂದ ಬಿರುದು ಬರಲಿಲ್ಲ, ಹೆಸರಿನಿಂದ ಬಂತು.

ಅಲ್ಬೋಂ ಎಂಬ ಊರಿನ ಕೌಂಟ್ (ಅಂದರೆ ಸೀಮೆ ಆಳುವ ಪಾಳೆಯಗಾರ) ಮನೆತನದಲ್ಲಿ ಪಟ್ಟಕ್ಕೆ ಬರುವ ಮಗನಿಗೆ ಗೀಗ್ ಎಂದೇ ಹೆಸರಿಡುತ್ತಿದ್ದರು. ಅಪ್ಪ ಗೀಗ್, ಅಜ್ಜ ಗೀಗ್, ಮುತ್ತಜ್ಜನೂ ಗೀಗ್. ನಮ್ಮಲ್ಲೂ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟ ಮನೆಗಳಲ್ಲಿ ಹುಡುಗನನ್ನು ಕರೆಯಲು ಬೇರೆ ಹೆಸರೊಂದು ಬೇಕಾಗುತ್ತದೆ, ಅಲ್ವಾ? ಹಾಗೇ ನಾಲ್ಕನೇ ಗೀಗನಿಗೆ "ದೆಲ್ಫಿನುಸ್" ಎಂಬ ಎರಡನೇ ಹೆಸರು ಸೇರಿತು. 12ನೇ ಶತಮಾನದ ಮೊದಲ ಭಾಗದ ಲ್ಯಾಟಿನ್ ಪತ್ರಗಳಲ್ಲಿ ಅವನ ಹೆಸರಿನ ಜತೆ ಅದು ಕಾಣಿಸುತ್ತದೆ. ಅವನ ತಾಯಿ ಮಹೋ ಇಂಗ್ಲೆಂಡಿನ ಕಡೆಯವಳು, ಅಲ್ಲಿ ಚಾಲ್ತಿಯಲ್ಲಿದ್ದ ಡಾಲ್ಫಿನ್ ಎಂಬ ಹೆಸರನ್ನು ಮಗನಿಗೆ ಇಟ್ಟಳು ಅಂತ ಒಂದು ವಾದವಿದೆ. ಅವನ ಗುರಾಣಿಯ ಮೇಲೆ ಡಾಲ್ಫಿನ್ ಚಿತ್ರ ಇತ್ತು, ಅದರಿಂದ ಹೆಸರು ಬಂತು ಅನ್ನುವುದು ಆಮೇಲೆ ಹುಟ್ಟಿದ ಕಥೆ. ಹೆಸರು ಮೊದಲು, ಮೀನು ಆಮೇಲೆ. (ಡಾಲ್ಫಿನ್ ಮೀನಲ್ಲ ಅಂತ ನಮಗೂ ಗೊತ್ತು. ಆ ಲಾಂಛನದಲ್ಲಿರುವುದನ್ನು ನೋಡಿದರೆ ನೀವೂ ಮೀನು ಅಂತಲೇ ಅನ್ನುತ್ತೀರಿ: ಬೆನ್ನು ಬಿಲ್ಲಿನಂತೆ ಬಾಗಿದೆ, ರೆಕ್ಕೆಗಳು ಕೆಂಪು, ಮೈ ನೀಲಿ, ಹಿಂದಿನ ಬಟ್ಟೆ ಚಿನ್ನದ ಹಳದಿ.)

ಈ ನಾಲ್ಕನೇ ಗೀಗ್ ಸತ್ತದ್ದು 1142ರಲ್ಲಿ, ಮೋಂಮೇಲಿಯಾಂ ಹತ್ತಿರದ ಕಾಳಗದಲ್ಲಿ ಆದ ಗಾಯದಿಂದ. ಎದುರಾಳಿ ಸವಾಯ್‌ನ ಕೌಂಟ್ ಮೂರನೇ ಅಮದೇಯೊ, ಅಂದರೆ ಸ್ವಂತ ತಂಗಿಯ ಗಂಡ. ಅಲ್ಬೋಂ ಮತ್ತು ಸವಾಯ್ ಮನೆತನಗಳ ಜಗಳ ಇನ್ನೂರು ವರ್ಷ ನಡೆಯಿತು. ಮುಂದಿನ ಉತ್ತರಗಳಲ್ಲಿ ಸವಾಯ್ ಹೆಸರು ಬಂದಾಗಲೆಲ್ಲ ಗಡಿ ತಂಟೆಯ ದಾಯಾದಿಗಳು ಅಂತ ಓದಿಕೊಳ್ಳಿ.

ಅಡ್ಡಹೆಸರು ಬಿರುದಾದದ್ದು ಹೇಗೆ?

ನಿಧಾನವಾಗಿ. ನಾಲ್ಕನೇ ಗೀಗನ ನಂತರ ಬಂದವರೂ ಆ ಹೆಸರನ್ನು ಹಚ್ಚಿಕೊಂಡರು. ಮೊದಲು ಅದು ಎರಡನೇ ಹೆಸರು, ಆಮೇಲೆ ಮನೆತನದ ಹೆಸರು. 13ನೇ ಶತಮಾನದ ಕೊನೆಯ ಹೊತ್ತಿಗೆ ಪಟ್ಟದ ಹೆಸರೇ ಆಗಿಹೋಯಿತು: "ವಿಯೆನ್ವಾದ ಡೊಫಿನ್, ಅಲ್ಬೋಂನ ಕೌಂಟ್". ಡೊಫಿನ್ ಆಳುವ ನೆಲ ಡೊಫಿನೇ ಆಯಿತು. ಒಬ್ಬ ಮನುಷ್ಯನ ಹೆಸರು ಒಂದು ಸೀಮೆಗೇ ಅಂಟಿಕೊಂಡಿತು.

ವಿಯೆನ್ವಾ ಅಂದರೆ ವಿಯೆನ್ನಾ ನಗರವಾ?

ಅಲ್ಲ. ಆಸ್ಟ್ರಿಯಾದ ವಿಯೆನ್ನಾ ಬೇರೆ. ಇದು ಲಿಯೋಂ ನಗರದ ದಕ್ಷಿಣಕ್ಕೆ ರೋನ್ ನದಿ ದಂಡೆಯಲ್ಲಿರುವ ವಿಯೆನ್. ಅದರ ಸುತ್ತಲಿನ ಸೀಮೆ ವಿಯೆನ್ವಾ. 1030ರ ಸುಮಾರಿಗೆ ಅಲ್ಲಿನ ಆರ್ಚ್‌ಬಿಷಪ್ ಆ ಸೀಮೆಯ ಒಂದು ಪಾಲನ್ನು ಗೀಗ್ ಮನೆತನಕ್ಕೆ ಕೊಟ್ಟ. ಇನ್ನೊಂದು ಪಾಲು ಸವಾಯ್ ಮನೆತನದ ಹಿರಿಯನಿಗೆ ಹೋಯಿತು. ಜಗಳದ ಬೀಜ ಬಿದ್ದದ್ದು ಆ ಪಾಲುಪಟ್ಟಿಯಲ್ಲೇ.

ಹೆಣ್ಣುಮಕ್ಕಳಿಗೆ ಈ ಪಟ್ಟ ಸಿಗುತ್ತಿರಲಿಲ್ಲವಾ?

ಸಿಗುತ್ತಿತ್ತು! ಜಾಸ್ತಿ ಜನರಿಗೆ ಇದು ಗೊತ್ತಿಲ್ಲ. ಐದನೇ ಗೀಗ್ 1162ರಲ್ಲಿ ತೀರಿಕೊಂಡಾಗ ಉಳಿದದ್ದು ಬೆಯಾತ್ರಿಸ್ ಎಂಬ ಒಬ್ಬಳೇ ಮಗಳು. ಸೀಮೆ ಅವಳಿಗೇ ಬಂತು. ಮೂರು ಮದುವೆಯಾದಳು. ಎರಡನೇ ಗಂಡ ಬರ್ಗಂಡಿಯ ಡ್ಯೂಕ್ ಮೂರನೇ ಹ್ಯೂ. ಅವನಿಂದ ಹುಟ್ಟಿದ ಮಗ ಆಂದ್ರೆ, ತಾಯಿಯ ಮನೆಯ ಹೆಸರು ಉಳಿಯಲಿ ಅಂತ ಆರನೇ ಗೀಗ್ ಆದ. ತಾಯಿ 1228ರವರೆಗೆ ಬದುಕಿದ್ದಳು, ಅಲ್ಲಿಯವರೆಗೆ ಮಗ ಕಾಯಬೇಕಾಯಿತು.

ಮತ್ತೆ 1282ರಲ್ಲಿ ಅದೇ ಆಯಿತು. ಒಂದನೇ ಜಾನ್ ಇನ್ನೂ ಹುಡುಗನಾಗಿರುವಾಗಲೇ ಕುದುರೆಯಿಂದ ಬಿದ್ದು ಸತ್ತ. ಪಟ್ಟ ಸೋದರಿ ಆನ್‌ಗೆ ಹೋಯಿತು. ಅವಳ ಗಂಡ ಲಾ ತೂರ್ ದ್ಯು ಪ್ಯಾಂ ಮನೆತನದ ಹಂಬರ್ಟ್, ಹೆಂಡತಿಯ ಹಕ್ಕಿನಿಂದ ಡೊಫಿನ್ ಆದ. ಹೀಗೆ ಎರಡು ಸಲ ಹೆಣ್ಣಿನ ಮೂಲಕ ದಾಟಿ, ಮೂರು ಮನೆತನಗಳ ಕೈ ಬದಲಾಯಿಸಿ ಬಂದ ಪಟ್ಟ ಇದು. ಫ್ರಾನ್ಸ್ ರಾಜಮನೆತನಕ್ಕೆ ಸೇರಿದ ಮೇಲೆ ಮಾತ್ರ ಆ ಬಾಗಿಲು ಮುಚ್ಚಿತು. ಅಲ್ಲಿ ಹೆಣ್ಣಿಗೆ ಸಿಂಹಾಸನವಿಲ್ಲ, ಹಾಗಾಗಿ ಡೊಫಿನ್ ಪಟ್ಟವೂ ಇಲ್ಲ.

ಸೀಮೆಯನ್ನು ಮಾರಿದ್ದು ಯಾರು? ಯಾಕೆ?

ಎರಡನೇ ಹಂಬರ್ಟ್. ಈ ಪುಟದಲ್ಲಿ ಒಬ್ಬನ ಬಗ್ಗೆ ಮಾತ್ರ ಓದಿ ಎದ್ದುಹೋಗುವುದಾದರೆ ಇವನ ಬಗ್ಗೆ ಓದಿ.

ಇವನಿಗೆ ಪಟ್ಟ ಸಿಗಬೇಕಾಗಿಯೇ ಇರಲಿಲ್ಲ. ಅಣ್ಣ ಎಂಟನೇ ಗೀಗ್ ಕಾದಾಟದ ಮನುಷ್ಯ. 1325ರಲ್ಲಿ ವಾರೇ ಎಂಬಲ್ಲಿ ಸವಾಯ್ ಸೈನ್ಯವನ್ನು ಸೋಲಿಸಿದಾಗ ಅವನಿಗಿನ್ನೂ ಇಪ್ಪತ್ತೂ ತುಂಬಿರಲಿಲ್ಲ. 1333ರಲ್ಲಿ ಲಾ ಪೆರಿಯೇರ್ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಬಾಣ ತಗುಲಿ ಸತ್ತ. ಮಕ್ಕಳಿರಲಿಲ್ಲ. ತಮ್ಮ ಹಂಬರ್ಟ್ ಆಗ ನೇಪಲ್ಸಿನ ಕಡೆ ಇದ್ದ. ವಯಸ್ಸು ಇಪ್ಪತ್ತೊಂದರ ಆಸುಪಾಸು. ಹಿಂದಿನ ವರ್ಷವಷ್ಟೇ ಮರೀ ದೆ ಬೋ ಜತೆ ಮದುವೆಯಾಗಿತ್ತು. ಸುದ್ದಿ ಬಂತು, ಹೊರಟು ಬಂದ.

ನೇಪಲ್ಸಿನ ಆಸ್ಥಾನದ ವೈಭವ ನೋಡಿದವನಿಗೆ ಬೆಟ್ಟದ ಸೀಮೆಯ ಬಡತನ ಹಿಡಿಸಲಿಲ್ಲ ಅನ್ನಿಸುತ್ತದೆ. ಸುಮ್ನೆ ಪೋಲು ಮಾಡಿದ ಅಂತಲೂ ಹೇಳಲಾಗುವುದಿಲ್ಲ. 1337ರಲ್ಲಿ ನ್ಯಾಯ ನೋಡುವುದಕ್ಕೆ ಒಂದು ಮಂಡಳಿ ಕಟ್ಟಿದ, ಅದು ಆಮೇಲೆ ಗ್ರೆನೋಬ್ಲ್‌ಗೆ ಬಂತು. 1339ರಲ್ಲಿ ಪೋಪ್ ಒಪ್ಪಿಗೆಯೊಂದಿಗೆ ಗ್ರೆನೋಬ್ಲ್‌ನಲ್ಲಿ ವಿಶ್ವವಿದ್ಯಾಲಯ ತೆರೆದ. ಆದರೆ ಆಸ್ಥಾನದ ಖರ್ಚು ಒಂದು ಕಡೆ, ದಾನಧರ್ಮ ಒಂದು ಕಡೆ, ಸವಾಯ್ ಜತೆಗಿನ ಜಗಳದ ಹಳೆಯ ಲೆಕ್ಕ ಇನ್ನೊಂದು ಕಡೆ. ಸಾಲ ಬೆಳೆಯಿತು.

ಅದರ ಮೇಲೆ ಮಗನ ಸಾವು. ಆಂದ್ರೆ ಎಂಬ ಒಬ್ಬನೇ ಮಗ 1333ರಲ್ಲಿ ಹುಟ್ಟಿದ, 1335ರಲ್ಲಿ ಸತ್ತ. ಅಪ್ಪನೇ ಕಿಟಕಿಯ ಬಳಿ ಮಗುವನ್ನು ಆಡಿಸುತ್ತಿದ್ದಾಗ ಕೈಜಾರಿ ಕೆಳಗಿನ ಇಜೇರ್ ನದಿಗೆ ಬಿತ್ತು ಅಂತ ಆ ಕಡೆ ಜನ ಹೇಳುತ್ತಾರೆ. ಇದು ಕಥೆ ಮಾತ್ರ. ಎರಡು ವರ್ಷದ ಮಗು ಹೋಯಿತು, ಮತ್ತೆ ಮಕ್ಕಳಾಗಲಿಲ್ಲ ಅನ್ನುವುದಷ್ಟೇ ಇತಿಹಾಸ.

ಮಾರಾಟ ಹೇಗೆ ನಡೆಯಿತು?

ಇವತ್ತಿನ ಸೈಟು ವ್ಯವಹಾರದಂತೆಯೇ, ಹಲವು ಸುತ್ತು ಮಾತುಕತೆಯಲ್ಲಿ.

ಮೊದಲು ನೋಡಿದ ಗಿರಾಕಿ ಅವಿನ್ಯೋಂನಲ್ಲಿದ್ದ ಪೋಪ್ ಹನ್ನೆರಡನೇ ಬೆನೆಡಿಕ್ಟ್. ಅದಕ್ಕಾಗಿ 1339ರಲ್ಲಿ ಸೀಮೆಯನ್ನೆಲ್ಲ ತನಿಖೆ ಮಾಡಿಸಿದರು. ಅಧಿಕಾರಿಗಳು ಕೋಟೆಯಿಂದ ಕೋಟೆಗೆ ಹೋಗಿ ಗೋಪುರದ ಎತ್ತರ, ಗೋಡೆಯ ಅಳತೆ, ಎಷ್ಟು ಒಲೆ ಅಂದರೆ ಎಷ್ಟು ಮನೆ, ಎಷ್ಟು ಆದಾಯ ಅಂತ ಬರೆದುಕೊಂಡು ಬಂದರು. ಮಾರುವವನು ಮಾಲಿನ ಪಟ್ಟಿ ಮಾಡಿಕೊಟ್ಟಂತೆ. ವ್ಯಾಪಾರ ಕುದುರಲಿಲ್ಲ, ಆದರೆ ಆ ಪಟ್ಟಿ ಉಳಿಯಿತು. ಆ ಕಾಲದ ಕೋಟೆಗಳ ಬಗ್ಗೆ ಕೆಲಸ ಮಾಡುವವರಿಗೆ ಅದೊಂದು ನಿಧಿ.

ಆಮೇಲೆ ಬಂದದ್ದು ಫ್ರಾನ್ಸ್ ರಾಜ ಆರನೇ ಫಿಲಿಪ್. 1343ರ ಮೊದಲ ಒಪ್ಪಂದದಲ್ಲಿ ಸೀಮೆ ಹೋಗಬೇಕಿದ್ದದ್ದು ರಾಜನ ಕಿರಿಯ ಮಗ ಫಿಲಿಪ್‌ಗೆ. 1344ರಲ್ಲಿ ಅದನ್ನು ತಿದ್ದಿ ಹಿರಿಯ ಮಗ ಜಾನ್ ಹೆಸರಿಗೆ ಮಾಡಿದರು. ಇಷ್ಟಾದರೂ ಹಂಬರ್ಟ್‌ಗೆ ಮಕ್ಕಳಾದರೆ ಒಪ್ಪಂದ ಬಿದ್ದುಹೋಗುತ್ತದೆ ಎಂಬ ಮಾತಿತ್ತು. ಅಷ್ಟರಲ್ಲಿ ಅವನು ಪೋಪನ ಪರವಾಗಿ ಸ್ಮಿರ್ನಾ (ಈಗಿನ ಟರ್ಕಿಯ ಇಜ್ಮಿರ್) ಕಡೆಗೆ ಧರ್ಮಯುದ್ಧಕ್ಕೆ ಹೊರಟ. 1345ರಲ್ಲಿ ಹೋಗಿ 1347ರಲ್ಲಿ ಬಂದ. ಅಂಥ ಹೆಸರೇನೂ ಬರಲಿಲ್ಲ. ಜತೆಗೆ ಹೋಗಿದ್ದ ಹೆಂಡತಿ ರೋಡ್ಸ್ ದ್ವೀಪದಲ್ಲಿ ತೀರಿಕೊಂಡಳು. ವಾಪಸ್ ಬಂದಾಗ ಸಾಲ ಇನ್ನೂ ಜಾಸ್ತಿ, ಮರುವರ್ಷ ಪ್ಲೇಗು ಬೇರೆ.

ಕೊನೆಗೆ 1349ರ ಮಾರ್ಚ್ 30ಕ್ಕೆ ರೋಮಾಂ ಎಂಬ ಊರಲ್ಲಿ ಕರಾರು ಮುಗಿಯಿತು. ಬೆಲೆ 2,00,000 ಫ್ಲೋರಿನ್ ಚಿನ್ನದ ನಾಣ್ಯ, ಜತೆಗೆ ಬದುಕಿರುವತನಕ ವರ್ಷಾಶನ. ಈ ಸಲ ಪಡೆಯುವವನು ರಾಜನ ಮೊಮ್ಮಗ, ಅದೇ ಜಾನ್‌ನ ಮಗ, ಹನ್ನೊಂದು ವರ್ಷದ ಚಾರ್ಲ್ಸ್. ಜುಲೈ 16ರಂದು ಲಿಯೋಂನ ಡೊಮಿನಿಕನ್ ಮಠದಲ್ಲಿ ಹಸ್ತಾಂತರ. ಮೂವತ್ತೇಳರ ಮನುಷ್ಯ ತನ್ನ ಮನೆತನದ ಹಳೆಯ ಕತ್ತಿಯನ್ನೂ ಸಂತ ಜಾರ್ಜ್ ಬಾವುಟವನ್ನೂ ಆ ಹುಡುಗನ ಕೈಗೆ ಕೊಟ್ಟ. ಬೆನ್ನಿಗೇ ಸನ್ಯಾಸ ಹಿಡಿದು ಅದೇ ಡೊಮಿನಿಕನ್ ಪಂಥ ಸೇರಿದ. ಚರ್ಚು ಅವನಿಗೆ ಅಲೆಗ್ಸಾಂಡ್ರಿಯಾದ ಪೇಟ್ರಿಯಾರ್ಕ್ ಎಂಬ ದೊಡ್ಡ ಪದವಿ ಕೊಟ್ಟಿತು. 1355ರಲ್ಲಿ ತೀರಿಕೊಂಡ.

ಸಾಲಗಾರ, ಕೈಲಾಗದವನು ಅಂತ ಇವನನ್ನು ಬೈದು ಬರೆದವರು ಬಹಳ. ನಮಗೆ ಹಾಗನ್ನಿಸುವುದಿಲ್ಲ. ಮಾರುವ ಮುಂಚೆ, ಅದೇ ಮಾರ್ಚ್ ತಿಂಗಳಲ್ಲಿ, ಪ್ರಜೆಗಳ ಹಕ್ಕುಗಳನ್ನು ಬರೆದು ಒಂದು ಶಾಸನ ಹೊರಡಿಸಿದ. ಹೊಸ ಯಜಮಾನ ಅದನ್ನು ಮನ್ನಿಸಬೇಕು ಅಂತ ಕಟ್ಟು ಮಾಡಿದ. ಮನೆ ಮಾರುವಾಗ ಬಾಡಿಗೆಗಿದ್ದವರ ಬಗ್ಗೆ ಯೋಚಿಸುವವರು ಎಷ್ಟು ಜನ?

ಬ್ರಿಯಾಂಸೋಂ ಹಳ್ಳಿಗಳು ತಮ್ಮನ್ನು ತಾವೇ ಕೊಂಡುಕೊಂಡವಂತೆ?

ಹೆಚ್ಚುಕಮ್ಮಿ ಹಾಗೇ. 1343ರ ಮೇ 29ರಂದು ಇದೇ ಹಂಬರ್ಟ್ ಬ್ರಿಯಾಂಸೋಂ ಸುತ್ತಲಿನ ಬೆಟ್ಟದ ಸಮುದಾಯಗಳಿಗೆ ಒಂದು ಸನ್ನದು ಬರೆದುಕೊಟ್ಟ. ಅವರು 12,000 ಫ್ಲೋರಿನ್ ಒಟ್ಟಿಗೆ ಕೊಟ್ಟು, ವರ್ಷಕ್ಕೆ 4,000 ಡ್ಯುಕಟ್ ಕಟ್ಟುವುದಾಗಿ ಒಪ್ಪಿದರು. ಬದಲಿಗೆ ಪಾಳೆಯಗಾರನ ಬಿಟ್ಟಿ ಚಾಕರಿ ಹೋಯಿತು, ತೆರಿಗೆಯನ್ನು ತಾವೇ ಹಂಚಿಕೊಳ್ಳುವ ಹಕ್ಕು ಬಂತು. ಆ ಹಂಚಿಕೆಗೆ "ಎಸ್ಕಾರ್ತೋಂ" ಅನ್ನುತ್ತಿದ್ದರು, ಅಂಥ ಐದು ಗುಂಪುಗಳಿದ್ದವು. 1713ರಲ್ಲಿ ಉತ್ರೆಖ್ತ್ ಒಪ್ಪಂದವಾದಾಗ ಅವುಗಳಲ್ಲಿ ಮೂರು ಸವಾಯ್ ಪಾಲಾದವು. ಉಳಿದ ಎರಡು ಫ್ರೆಂಚ್ ಕ್ರಾಂತಿಯವರೆಗೂ ಹಾಗೇ ನಡೆದವು.

ರಾಜನ ಹಿರಿಯ ಮಗನೇ ಡೊಫಿನ್ ಆಗಬೇಕು ಅಂತ ಕ್ರಯಪತ್ರದಲ್ಲಿ ಬರೆದಿತ್ತಾ?

ಬಹಳ ಕಡೆ ಹಾಗೇ ಬರೆದಿರುತ್ತಾರೆ. ಆದರೆ ಮೊದಲ ಕರಾರು ಕಿರಿಯ ಮಗನ ಹೆಸರಿಗೇ ಆಗಿತ್ತು ಅನ್ನುವುದನ್ನು ಮೇಲೆ ನೋಡಿದಿರಿ. ಕರಾರಿನ ಗಟ್ಟಿ ಷರತ್ತು ಬೇರೆ: ಡೊಫಿನೇಯನ್ನು ಫ್ರಾನ್ಸ್ ರಾಜ್ಯದೊಳಗೆ ಕರಗಿಸಬಾರದು. ಅದು ಸಾಮ್ರಾಜ್ಯದ ನೆಲ, ಪ್ರತ್ಯೇಕವಾಗಿಯೇ ಇರಬೇಕು. ಹಿರಿಯ ಮಗನಿಗೆ ಕೊಡುವುದು ರೂಢಿಯಿಂದ ಗಟ್ಟಿಯಾಯಿತು.

ಆ ಹನ್ನೊಂದರ ಹುಡುಗ ಚಾರ್ಲ್ಸ್ 1356ರಲ್ಲಿ ಮೆಟ್ಸ್‌ಗೆ ಹೋಗಿ ತನ್ನ ಸೋದರಮಾವ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಮುಂದೆ ಡೊಫಿನೇಗಾಗಿ ನಿಷ್ಠೆಯ ಪ್ರಮಾಣ ಮಾಡಿದ. ಫ್ರಾನ್ಸಿನ ಮುಂದಿನ ರಾಜ ಜರ್ಮನ್ ಚಕ್ರವರ್ತಿಗೆ ತಲೆಬಾಗಿದಂತೆ! 1364ರಲ್ಲಿ ಅವನೇ ಐದನೇ ಚಾರ್ಲ್ಸ್ ಆಗಿ ರಾಜನಾದ. ಗಂಡುಮಗು ಇಲ್ಲದ ಕಾರಣ ಡೊಫಿನೇ ಅವನ ಕೈಯಲ್ಲೇ ಉಳಿಯಿತು. 1368ರ ಡಿಸೆಂಬರಿನಲ್ಲಿ ಮಗ ಹುಟ್ಟಿದಾಗ ಕೊಟ್ಟ. ತೊಟ್ಟಿಲಲ್ಲೇ ಡೊಫಿನ್ ಆದ ಮೊದಲ ಮಗು ಅದು.

ಮುಂದೆ ಕೂಡ ಆ ಸೀಮೆಗೆ ಕಳಿಸುವ ಆಜ್ಞೆಗಳಲ್ಲಿ ರಾಜ "ಫ್ರಾನ್ಸಿನ ರಾಜ, ವಿಯೆನ್ವಾದ ಡೊಫಿನ್" ಎಂದೇ ಬರೆಸುತ್ತಿದ್ದ. ಮುದ್ರೆಯ ಮೇಣವೂ ಬೇರೆ ಬಣ್ಣ, ಕೆಂಪು.

ಜೋನ್ ಆಫ್ ಆರ್ಕ್ ಕಥೆಯಲ್ಲಿ ಬರುವ ಡೊಫಿನ್ ಯಾರು?

ಏಳನೇ ಚಾರ್ಲ್ಸ್. ಆರನೇ ಚಾರ್ಲ್ಸ್ ರಾಜನಿಗೆ ಡೊಫಿನ್ ಎನಿಸಿಕೊಂಡ ಗಂಡುಮಕ್ಕಳು ಐದು ಜನ. ಒಬ್ಬರಾದ ಮೇಲೊಬ್ಬರು ಸತ್ತರು, 1415ರ ಡಿಸೆಂಬರಿನಲ್ಲಿ ಲೂಯಿ, 1417ರ ಏಪ್ರಿಲ್‌ನಲ್ಲಿ ಜಾನ್. ಐದನೆಯವನಿಗೆ ಪಟ್ಟ ಬಂದಾಗ ವಯಸ್ಸು ಹದಿನಾಲ್ಕು. 1420ರ ತ್ರ್ವಾ ಒಪ್ಪಂದದಲ್ಲಿ ತಂದೆಯೇ ಮಗನನ್ನು ಬಿಟ್ಟು ಇಂಗ್ಲೆಂಡ್ ರಾಜ ಐದನೇ ಹೆನ್ರಿಯನ್ನು ವಾರಸುದಾರ ಮಾಡಿದ. 1422ರಲ್ಲಿ ತಂದೆ ಸತ್ತ ಮೇಲೆ ಬೆಂಬಲಿಗರು ಇವನನ್ನು ರಾಜ ಅಂದರು. ಜೋನ್ ಮಾತ್ರ ರೇಂಸ್‌ನಲ್ಲಿ ಅಭಿಷೇಕವಾಗುವವರೆಗೆ ಡೊಫಿನ್ ಎಂದೇ ಕರೆದಳು. ಅಭಿಷೇಕ 1429ರ ಜುಲೈ 17ರಂದು ಆಯಿತು.

ಡೊಫಿನೇಯನ್ನು ನಿಜವಾಗಿ ಕೂತು ಆಳಿದ ಡೊಫಿನ್ ಇದ್ದಾನಾ?

ಒಬ್ಬನೇ. ಮೇಲೆ ಹೇಳಿದ ಏಳನೇ ಚಾರ್ಲ್ಸ್‌ನ ಮಗ, ಆಮೇಲೆ ಹನ್ನೊಂದನೇ ಲೂಯಿ ಆದವನು. ಅಪ್ಪ ಮಗನಿಗೆ ಆಗಿಬರುತ್ತಿರಲಿಲ್ಲ. 1447ರಲ್ಲಿ ಅಪ್ಪ ಅವನನ್ನು ಡೊಫಿನೇಗೆ ಸಾಗಹಾಕಿದ. ಮತ್ತೆ ಅವರಿಬ್ಬರೂ ಮುಖಾಮುಖಿ ಆಗಲೇ ಇಲ್ಲ.

ಬೇರೆಯವರಾದರೆ ಬೇಟೆ ಆಡಿಕೊಂಡು ದಿನ ಕಳೆಯುತ್ತಿದ್ದರು. ಇವನು ಸೀಮೆಯನ್ನೇ ಪುಟ್ಟ ರಾಜ್ಯ ಮಾಡಿಕೊಂಡ. ಆಡಳಿತದ ವಿಭಾಗಗಳನ್ನು ಹೊಸದಾಗಿ ಕಟ್ಟಿದ. ವಿಯೆನ್ ಆರ್ಚ್‌ಬಿಷಪ್, ಗ್ರೆನೋಬ್ಲ್ ಬಿಷಪ್ ಇಬ್ಬರನ್ನೂ ತನಗೆ ತಲೆಬಾಗುವಂತೆ ಮಾಡಿದ. 1452ರಲ್ಲಿ ವಾಲೆನ್ಸ್‌ನಲ್ಲಿ ವಿಶ್ವವಿದ್ಯಾಲಯ ತೆರೆದ. 1453ರಲ್ಲಿ ಹಂಬರ್ಟ್ ಕಟ್ಟಿದ್ದ ಮಂಡಳಿಯನ್ನು ಪಾರ್ಲೆಮಾಂ, ಅಂದರೆ ಉಚ್ಚ ನ್ಯಾಯಸ್ಥಾನ ಮಾಡಿದ. 1451ರಲ್ಲಿ ಅಪ್ಪ ಬೇಡ ಅಂದರೂ ಸವಾಯ್ ಮನೆಯ ಶಾರ್ಲೊಟ್‌ಳನ್ನು ಮದುವೆಯಾದ. ಹೌದು, ಅದೇ ದಾಯಾದಿ ಸವಾಯ್.

1456ರಲ್ಲಿ ಅಪ್ಪ ಸೈನ್ಯ ಕಳಿಸಿದಾಗ ಬರ್ಗಂಡಿಯ ಡ್ಯೂಕ್ ಫಿಲಿಪ್ ಬಳಿಗೆ ಓಡಿಹೋದ. "ನಮ್ಮ ಬಂಧು ಸಾಕುತ್ತಿರುವುದು ನರಿಯನ್ನು, ಅದು ಅವನ ಕೋಳಿಗಳನ್ನೇ ತಿನ್ನುತ್ತದೆ" ಅಂದನಂತೆ ಅಪ್ಪ. ಹಾಗೇ ಆಯಿತು. ಲೂಯಿ ರಾಜನಾದ ಮೇಲೆ ಬರ್ಗಂಡಿಯನ್ನೇ ನುಂಗಿದ. ಡೊಫಿನೇಗೆ ಸ್ವಂತ ಆಡಳಿತ ಅಂತ ಇದ್ದದ್ದು ಇವನ ಜತೆಗೇ ಮುಗಿಯಿತು, ಮುಂದಿನವರಿಗೆಲ್ಲ ಅದು ಬರೀ ಹೆಸರು.

ಈ ಪಟ್ಟಕ್ಕೆ ಶಾಪ ಇತ್ತಂತೆ?

ಶಾಪ ಗೀಪ ಏನಿಲ್ಲ. ಮಕ್ಕಳು ಸಾಯುತ್ತಿದ್ದ ಕಾಲ ಅದು. ಆದರೂ ಕೆಲವು ಸಾವುಗಳನ್ನು ಓದಿದರೆ ಹೊಟ್ಟೆ ಕಿವುಚುತ್ತದೆ.

ಒಂದನೇ ಫ್ರಾನ್ಸಿಸ್ ರಾಜನ ಮಗ ಡೊಫಿನ್ ಫ್ರಾನ್ಸಿಸ್ ಎಂಟರ ವಯಸ್ಸಿನಲ್ಲಿ ತಮ್ಮನ ಜತೆ ಸ್ಪೇನಿಗೆ ಒತ್ತೆಯಾಳಾಗಿ ಹೋದವನು. ಅಪ್ಪನನ್ನು ಬಿಡಿಸಿಕೊಳ್ಳಲು ಮಕ್ಕಳನ್ನು ಕೊಟ್ಟಿದ್ದರು. ನಾಲ್ಕು ವರ್ಷ ಸೆರೆಯಲ್ಲಿದ್ದು ಬದುಕಿ ಬಂದ. 1536ರ ಆಗಸ್ಟಿನ ಬಿಸಿಲಲ್ಲಿ ಚೆಂಡಾಟ ಆಡಿ, ಒಂದು ಲೋಟ ತಣ್ಣನೆ ನೀರು ಕುಡಿದ. ಕೆಲವೇ ದಿನಗಳಲ್ಲಿ ಸತ್ತ. ನೀರು ತಂದುಕೊಟ್ಟ ಮೋಂಟೆಕುಕ್ಕೊಲಿ ಎಂಬ ಇಟಲಿಯವನ ಮೇಲೆ ವಿಷದ ಆರೋಪ ಹೊರಿಸಿ, ಲಿಯೋಂನಲ್ಲಿ ಕುದುರೆಗಳಿಂದ ಎಳೆಸಿ ಕೊಂದರು. ವಿಷ ಇರಲಿಲ್ಲ, ಕಾಯಿಲೆಯೇ ಇದ್ದಿರಬೇಕು ಅನ್ನುವುದು ಈಗಿನವರ ಅಭಿಪ್ರಾಯ.

ಇನ್ನೊಂದು, ಹದಿನಾಲ್ಕನೇ ಲೂಯಿಯ ಮುಪ್ಪಿನಲ್ಲಿ. 1711ರ ಏಪ್ರಿಲ್‌ನಲ್ಲಿ ಮಗ ಸಿಡುಬಿನಿಂದ ಹೋದ. 1712ರ ಫೆಬ್ರುವರಿಯಲ್ಲಿ ಮೊಮ್ಮಗ ದಡಾರದಿಂದ, ಮಾರ್ಚ್‌ನಲ್ಲಿ ಐದು ವರ್ಷದ ಮರಿಮಗ. ಹನ್ನೊಂದು ತಿಂಗಳಲ್ಲಿ ಮೂವರು ಡೊಫಿನ್‌ಗಳು! ನಾಲ್ಕನೆಯದು ಎರಡು ವರ್ಷದ ಕೂಸು. ಅದಕ್ಕೂ ಜ್ವರ ಬಂದಾಗ ದಾದಿ ಮೇಡಂ ದ ವಾಂತದೂರ್ ವೈದ್ಯರನ್ನು ಹತ್ತಿರ ಬಿಡಲಿಲ್ಲ, ರಕ್ತ ತೆಗೆಯಲು ಒಪ್ಪಲಿಲ್ಲ. ಮಗು ಉಳಿಯಿತು, ಹದಿನೈದನೇ ಲೂಯಿ ಆಯಿತು.

ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿಗೆ ಹೋದಾಗ ಡೊಫಿನ್ ಯಾರು?

1788ರ ಆಗಸ್ಟಿನಲ್ಲಿ ಮೈಸೂರಿನ ರಾಯಭಾರಿಗಳು ವರ್ಸೇಲ್ಸ್‌ನಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಆಗಿನ ಡೊಫಿನ್ ಆರು ವರ್ಷದ ಲೂಯಿ ಜೋಸೆಫ್, ಕಾಯಿಲೆಯ ಹುಡುಗ. 1789ರ ಜೂನ್ 4ರಂದು ತೀರಿಕೊಂಡ. ಪಟ್ಟ ತಮ್ಮ ಲೂಯಿ ಶಾರ್ಲ್‌ಗೆ ಬಂತು. 1791ರ ಸಂವಿಧಾನ ಡೊಫಿನ್ ಎಂಬ ಹೆಸರನ್ನೇ ತೆಗೆದು "ರಾಜಕುಮಾರ" ಎಂದು ಮಾಡಿತು. ಆ ಹುಡುಗ 1795ರಲ್ಲಿ ತಾಂಪ್ಲ್ ಸೆರೆಮನೆಯಲ್ಲಿ ಹತ್ತನೇ ವಯಸ್ಸಿಗೆ ಸತ್ತ. ನಾನೇ ಅವನು ಅಂತ ಹೇಳಿಕೊಂಡು ಎಷ್ಟೋ ಜನ ಬಂದರು. 2000ದಲ್ಲಿ, ಅವನದೆಂದು ಕಾಪಿಟ್ಟಿದ್ದ ಹೃದಯದ ಡಿಎನ್‌ಎ ಪರೀಕ್ಷೆ ತಾಯಿ ಮರೀ ಆಂತ್ವಾನೆತ್ ಕಡೆಯವರ ಜತೆ ಹೊಂದಿತು.

ಕೊನೆಯ ಡೊಫಿನ್ ಯಾರು?

ಅಂಗುಲೇಮ್‌ನ ಡ್ಯೂಕ್ ಲೂಯಿ ಆಂತ್ವಾನ್. ಕ್ರಾಂತಿಯ ನಂತರ ಅರಸೊತ್ತಿಗೆ ಮರಳಿ ಬಂದಿತ್ತು. 1824ರಲ್ಲಿ ಅಪ್ಪ ಹತ್ತನೇ ಚಾರ್ಲ್ಸ್ ರಾಜನಾದಾಗ ಇವನು ಡೊಫಿನ್, ವಯಸ್ಸು ನಲವತ್ತೊಂಬತ್ತು! 1830ರ ಆಗಸ್ಟ್ 2ರಂದು ಅಪ್ಪ ಪಟ್ಟ ಬಿಟ್ಟ ಪತ್ರಕ್ಕೆ ಇವನೂ ಸಹಿ ಹಾಕಿದ. ಇಬ್ಬರ ಸಹಿಯ ನಡುವೆ ಇಪ್ಪತ್ತು ನಿಮಿಷ ಇವನೇ ರಾಜ ಅಂತ ತಮಾಷೆ ಮಾಡುವವರಿದ್ದಾರೆ.

ಓವೆರ್ನ್ಯದಲ್ಲೂ ಒಬ್ಬ ಡೊಫಿನ್ ಇದ್ದನಲ್ಲ?

ಇದ್ದ. ನಾಲ್ಕನೇ ಗೀಗನ ಮಗಳು ಮಧ್ಯ ಫ್ರಾನ್ಸಿನ ಓವೆರ್ನ್ಯ ಸೀಮೆಯ ಕೌಂಟ್ ಮನೆಗೆ ಸೊಸೆಯಾಗಿ ಹೋದಳು. ತವರಿನ ಹೆಸರನ್ನು ಮಗನಿಗೆ ಇಟ್ಟಳು. ಅಲ್ಲೂ ಅದು ಬಿರುದಾಯಿತು. ಫ್ರಾನ್ಸ್ ಸಿಂಹಾಸನಕ್ಕೆ ಸಂಬಂಧವಿಲ್ಲ.

ಆಲೂಗಡ್ಡೆಯ ಗ್ರಾತ್ಯಾಂ ದೊಫಿನ್ವಾ ರಾಜಕುಮಾರನ ಊಟವಾ?

ಅಲ್ಲ, ಸೀಮೆಯ ಊಟ. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಹಾಲು, ಕೆನೆ, ಬೆಳ್ಳುಳ್ಳಿ. ಸೀಮೆ ಅಂತ ನಕ್ಷೆಯಲ್ಲಿ ಈಗ ಇಲ್ಲ. 1790ರಲ್ಲಿ ಅದನ್ನು ಇಜೇರ್, ದ್ರೋಮ್, ಓತ್ ಆಲ್ಪ್ ಎಂದು ಮೂರು ಜಿಲ್ಲೆ ಮಾಡಿದರು. ಹೆಸರು ಊಟದಲ್ಲಿ, ಅಲ್ಲಿನ ದಿನಪತ್ರಿಕೆಯಲ್ಲಿ ಉಳಿದಿದೆ. 2025ರವರೆಗೆ ಸೈಕಲ್ ರೇಸಿನಲ್ಲೂ ಇತ್ತು.

ಈಗ ಡೊಫಿನ್ ಪದವನ್ನು ಬಳಸುತ್ತಾರಾ?

ಧಾರಾಳವಾಗಿ. ಪಕ್ಷದ ನಾಯಕ ತನ್ನ ನಂತರ ಇಂಥವನು ಅಂತ ಬೆಳೆಸುವವನನ್ನು ಫ್ರೆಂಚ್ ಪತ್ರಿಕೆಗಳು ಡೊಫಿನ್ ಅನ್ನುತ್ತವೆ. ಮಿಸ್ ಫ್ರಾನ್ಸ್ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಬಂದ ಹುಡುಗಿಗೆ "ಮೊದಲ ಡೊಫೀನ್" ಅಂತ ಹೆಸರು. ಕಿರೀಟ ತೊಟ್ಟವಳಿಗೆ ಏನಾದರೂ ಆಗಿ ಸ್ಥಾನ ಬಿಟ್ಟರೆ, ಅವಳ ಜಾಗಕ್ಕೆ ಬರುವುದು ಇವಳೇ.